ಬ್ಯಾಗು ಕಾದವರ ಅರಮನೆ ದರ್ಶನ

ಆ ಗುಂಪಿನಲ್ಲಿ ಒಂಟಿಯಾಗಿದ್ದವರು ವಾಚ್ ರಿಪೇರಿಯವರು ಒಬ್ಬರೇ. ಎಲ್ಲ ಫಜೀತಿಗೂ ಅದೇ ಮೂಲವಾಯಿತು.

ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಕೆ ಅಡುಗೆಮನೆಯ ಗೋಡೆಗೆ ಹಳೇ ಕ್ಯಾಲೆಂಡರಿನ ಅರಮನೆ ಚಿತ್ರವೊಂದನ್ನು ಅಂಟಿಸಿಕೊಂಡು, “ಸಾಯೋದ್ರೊಳಗೆ ಇದರ ಸಿಂಹಾಸನದ ಕೋಣೆ ನೋಡ್ಬೇಕು” ಎನ್ನುತ್ತಿದ್ದಳು. ಅವಳಿಗಂತೂ ಆಗಲಿಲ್ಲ. ತಾನಾದರೂ ನೋಡಿ ಬಂದರೆ ಎದೆಯ ಭಾರ ಇಳಿದೀತೆಂದು, ಬೀದಿಯವರೆಲ್ಲ ಸೇರಿ ಹೊರಟ ವಿದೇಶ ಪ್ರವಾಸಕ್ಕೆ ಇವರೂ ಬಂದಿದ್ದರು. ಏರ್ಪಾಡೆಲ್ಲ ಹೆಂಡತಿಯ ತಮ್ಮನದು.

ಕೊನೆಯ ದಿನ ಬೆಳಗ್ಗೆ ಮೊದಲ ದೇವಾಲಯದಲ್ಲಿ ಬ್ಯಾಗು ಒಳಗೆ ಬಿಡುತ್ತಿರಲಿಲ್ಲ. ಇಡಲು ಪಕ್ಕದಲ್ಲೇ ಕೌಂಟರಿತ್ತು. ಆದರೆ ಔಷಧಿ ಅಂಗಡಿಯವರು ಬ್ಯಾಗು ತಂದು ಇವರ ಕಾಲ ಬಳಿಯೇ ಇಳಿಸಿದರು.

“ನೀವೊಬ್ರೇ ಅಲ್ವಾ, ಸ್ವಲ್ಪ ನೋಡ್ಕೊಳ್ಳಿ. ನಾವು ಜೋಡೀಲಿ ಬಂದೋರು, ಒಬ್ರು ಒಳಗೆ ಒಬ್ರು ಹೊರಗೆ ಅಂದ್ರೆ ಚೆನ್ನಾಗಿರಲ್ಲ.”

ನಿವೃತ್ತ ಹೆಡ್ ಮಿಸ್ಸೂ ದನಿಗೂಡಿಸಿದರು. “ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತಿದ್ದೀರಿ. ನಿಮಗೇನು ಹೊಸದಾ?”

ಇಲ್ಲ ಎನ್ನಲು ನಾಲಿಗೆ ಏಳದ ಮನುಷ್ಯ. ಹನ್ನೆರಡು ಬ್ಯಾಗುಗಳ ನಡುವೆ ಕೂತರು.

ಎರಡನೇ ದೇವಾಲಯದಲ್ಲಿ ಬ್ಯಾಗಿನ ಜೊತೆಗೆ ಹನ್ನೆರಡು ಜೊತೆ ಚಪ್ಪಲಿಯೂ ಸೇರಿದವು. ಅದನ್ನು ಕಂಡ ಬೇರೆ ದೇಶದ ಪ್ರವಾಸಿಗಳು ಇದು ಚಪ್ಪಲಿ ಬಿಡುವ ಜಾಗವೆಂದೇ ತಿಳಿದು, ಬೂಟು ಬಿಚ್ಚಿಟ್ಟು, ನಗುತ್ತಾ ಹೋದರು. ಒಬ್ಬಾಕೆ ತಿರುಗಿ ಬಂದು, ಇದು ನನ್ನದಲ್ಲವೆಂದು ಕೈ ಆಡಿಸಿ ಜಗಳವನ್ನೂ ತೆಗೆದಳು. ಮಧ್ಯಾಹ್ನದ ಅರಮನೆಯಲ್ಲಿ ಸ್ವೆಟರುಗಳು, ಕೊಡೆಗಳು, ಒಂದು ಊರುಗೋಲು. ವಾಚ್ ರಿಪೇರಿಯವರು ಬಟ್ಟೆ ಒಣಹಾಕಿದ ಗೂಟದಂತೆ ಕಾಣುತ್ತಿದ್ದರು. ಯಾರಾದರೂ ಬಂದು ‘ನೀವೂ ಹೋಗಿ ನೋಡಿ’ ಎನ್ನುತ್ತಾರೇನೋ ಎಂದು ಬಾಗಿಲನ್ನೇ ನೋಡಿದ್ದಷ್ಟೇ ಬಂತು.

ಸಂಜೆಯದು ಕೊನೆಯ ಅರಮನೆ. ಹೆಂಡತಿಯ ಅರಮನೆ. ಬೆಳಗಾದರೆ ಊರಿಗೆ ವಿಮಾನ. ಎಂದಿನಂತೆ ಬ್ಯಾಗುಗಳನ್ನು ಒಪ್ಪಿಸಿ ಎಲ್ಲರೂ ಒಳಗೆ ಹೋದರು. ಮುಚ್ಚಲು ಇನ್ನು ಇಪ್ಪತ್ತೇ ನಿಮಿಷವಿದ್ದಾಗ ವಾಚ್ ರಿಪೇರಿಯವರ ತಾಳ್ಮೆಯ ಕಟ್ಟೆಯೊಡೆಯಿತು. ಎಲ್ಲವನ್ನೂ ಬಾಚಿ ತಬ್ಬಿಕೊಂಡು ಕೌಂಟರಿಗೆ ಸುರಿದು, ಬಾಗಿಲಿಗೆ ಓಡಿದರು.

ಕಾವಲಿನವನು ಕೈ ಅಡ್ಡ ಹಿಡಿದ. ಊರಿನಿಂದಲೇ ಜೊತೆಗೆ ಬಂದಿದ್ದ ಗೈಡು ಗುಂಪಿನ ಪಾಸು ತೋರಿಸಿದ. “ಇದರಲ್ಲಿ ಹನ್ನೆರಡೇ ಹೆಸರು ಸಾರ್. ಯಾವ ಜಾಗದ ಪಾಸಲ್ಲೂ ನಿಮ್ಮ ಹೆಸರಿಲ್ಲ. ಟಿಕೆಟ್ ಕೊಡೋದೂ ಆಗ್ಲೇ ನಿಲ್ಸಿದ್ದಾರೆ.”

ಅಷ್ಟರಲ್ಲಿ ಗುಂಪು ಹೊರಗೆ ಬಂತು. ಭಾವಮೈದುನ ಇವರನ್ನು ಕಂಡವನೇ ತಲೆ ತಗ್ಗಿಸಿದ.

“ನಿಮ್ಮ ಹೆಸರು ನಾನೇ ಬಿಡಿಸಿದ್ದು ಭಾವ. ಅಕ್ಕ ಆಸೆಪಟ್ಟ ಜಾಗ, ನೋಡಿದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ ಅಂತ ಭಯ ಆಯ್ತು. ಇಲ್ಲೊಂದೇ ಕಡೆ ಬಿಡಿಸಿದ್ರೆ ಅನುಮಾನ ಬರುತ್ತೆ ಅಂತ ಎಲ್ಲಾ ಕಡೆನೂ ಬಿಡಿಸಿದೆ. ಏನಾದ್ರೂ ನೆಪ ಹೇಳಿ ಭಾವನ್ನ ಹೊರಗೇ ಕೂರಿಸಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೆ. ಪಾಪ, ನಿಮಗೋಸ್ಕರ ಬೆಳಗ್ಗಿಂದ ಬೇಡದ ಬ್ಯಾಗೆಲ್ಲ ಹೊತ್ಕೊಂಡು ತಿರುಗಿದ್ದಾರೆ.”

ಹೆಡ್ ಮಿಸ್ಸು ಕಣ್ಣೊರೆಸಿಕೊಂಡರು. ಔಷಧಿ ಅಂಗಡಿಯವರು ಭುಜ ತಟ್ಟಿದರು. “ಬೇಜಾರು ಮಾಡ್ಕೋಬೇಡಿ. ಒಳಗೆ ಅಂಥದ್ದೇನಿಲ್ಲ. ಒಂದು ಕುರ್ಚಿ, ಸುತ್ತ ಹಗ್ಗ.”

ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ವಾಚ್ ರಿಪೇರಿಯವರು ಮೆಟ್ಟಿಲ ಮೇಲೆ ಕುಸಿದು, ಎಂಟು ತಿಂಗಳಲ್ಲಿ ಅಳದಷ್ಟನ್ನೂ ಅತ್ತರು.

ಭಾವಮೈದುನ ಗುಂಪಿನ ಕಡೆ ತಿರುಗಿ ಮೆಲ್ಲಗೆ ಹೇಳಿದ. “ನೋಡಿದ್ರಾ? ಹೊರಗಿದ್ದೇ ಹೀಗೆ. ಒಳಗೆ ಬಿಟ್ಟಿದ್ರೆ?”