ತಕ್ಕಡಿ ಸಾಹೇಬರ ಐವತ್ತೆರಡು ಪ್ರಶ್ನೆಗಳು

ಲೋಕದಲ್ಲಿ ಸುಳ್ಳು ಇದೆ ಎನ್ನುವುದು ತಕ್ಕಡಿ ಸಾಹೇಬರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿಗೂ ನುಗ್ಗಿ, ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತಗಳನ್ನು ಕಿತ್ತು ತೆಗೆದವರು ಅವರು. ಆದರೆ ಆ ಸುಳ್ಳೆಲ್ಲ ಐವತ್ತು ಗ್ರಾಂ, ನೂರು ಗ್ರಾಂ ಲೆಕ್ಕದ್ದು. ಒಂದು ಟನ್ ತೂಕದ ಸುಳ್ಳನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ಒರೆಸಿ, ಹೊಳಪು ಕೊಟ್ಟು ಮಾರುತ್ತಾರೆ ಎಂಬುದು ಅವರಿಗೆ ತಿಳಿದದ್ದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟ ಮೇಲೆಯೇ. ಅಂದಿನಿಂದ ಅವರ ಮುಖದಲ್ಲಿ ಗಾಬರಿ ಕಾಯಂ ಆಗಿ ನೆಲೆಸಿತ್ತು.

ಕಾರು ಬೇಕಾಗಿದ್ದು ಸಾಹೇಬರಿಗಲ್ಲ, ಅವರ ಹೆಂಡತಿ ಟೀಚರಮ್ಮನವರಿಗೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದ ಮೇಲೆ ಅವರನ್ನು ಊರಾಚೆಯ ಹೊಸ ಶಾಲೆಗೆ ಮುಖ್ಯೋಪಾಧ್ಯಾಯಿನಿ ಮಾಡಿದ್ದರು. ಇಪ್ಪತ್ತೆರಡು ಕಿಲೋಮೀಟರ್ ದೂರ, ಆ ಕಡೆಗೆ ಬಸ್ಸಿಲ್ಲ. ಕಿವಿ ಪರೀಕ್ಷೆಯ ಪೆಟ್ಟಿಗೆಗಳನ್ನು ಹೊತ್ತುಕೊಂಡು ಸ್ಕೂಟರ್ ಮೇಲೆ ಹೋಗುವ ಹಾಗೂ ಇಲ್ಲ. ಕಟ್ಟಡ ಮುಗಿದು ಶಾಲೆ ತೆರೆಯುವ ತಿಂಗಳ ಒಂದನೇ ತಾರೀಖಿಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೆಲಸ.

"ಹಿಂದೆ ಡಿಕ್ಕಿ ಇರೋ ಒಂದು ಚಿಕ್ಕ ಸೆಡಾನ್ ಸಾಕು ರೀ. ಓಡಬೇಕು, ನಿಲ್ಲಬೇಕು. ಅಷ್ಟೇ," ಎಂದಿದ್ದರು ಟೀಚರಮ್ಮ.

ಹಾಗೆ ಅಂದು ಹನ್ನೊಂದು ತಿಂಗಳಾಗಿತ್ತು. (ಹೊಸ ಕಾರಿನ ಮಾತು ಬೇಡ. ಅದರ ಬೆಲೆ ಕೇಳಿದ ದಿನ ಸಾಹೇಬರು ಶೋರೂಮಿನ ಸೋಫಾದ ಮೇಲೆ ಕುಸಿದು ಕುಳಿತು ನೀರು ಕೇಳಿದ್ದರು.)

ಈ ಹನ್ನೊಂದು ತಿಂಗಳಲ್ಲಿ ಸಾಹೇಬರು ಸುಮ್ಮನೆ ಕೂತಿರಲಿಲ್ಲ. ಅಳೆದೂ ಸುರಿದೂ ನೋಡುವುದು ಅವರಿಗೆ ಗಾದೆಯಲ್ಲ, ಸಂಬಳ ತರುವ ಕಸುಬು. ಮೂರು ನೋಟ್ ಪುಸ್ತಕ ತುಂಬಿಸಿದರು. ಯಾವ ಮಾದರಿಯ ಕ್ಲಚ್ ಎಷ್ಟು ವರ್ಷಕ್ಕೆ ಸವೆಯುತ್ತದೆ, ಯಾವ ವರ್ಷದ ಗಾಡಿಗಳಿಗೆ ತುಕ್ಕು ಹೆಚ್ಚು ಎಂದು ಬರೆದಿಟ್ಟರು. ನಲವತ್ತು ಜಾಹೀರಾತುಗಳ ಬೆಲೆ ಕೂಡಿಸಿ, ಭಾಗಿಸಿ, ಸವೆದ ಟೈರಿಗೆ ಇಷ್ಟು, ಗೀರಿಗೆ ಇಷ್ಟು ಎಂದು ಕಳೆದು 'ನ್ಯಾಯಬೆಲೆ'ಯ ಸೂತ್ರವೊಂದನ್ನು ರಚಿಸಿದರು. ಮೂವತ್ತೇಳು ಕಾರು ನೋಡಿ ಮೂವತ್ತೇಳನ್ನೂ ತಿರಸ್ಕರಿಸಿದರು. ಒಂದರಲ್ಲಿ ಅತ್ತರಿನ ವಾಸನೆ ಜಾಸ್ತಿ, ಏನನ್ನೋ ಮುಚ್ಚಿಡುತ್ತಿದ್ದಾರೆ. ಇನ್ನೊಂದರಲ್ಲಿ ವಾಸನೆಯೇ ಇಲ್ಲ, ಅದಂತೂ ಇನ್ನೂ ಅನುಮಾನ. ಒಬ್ಬ ಮಾಲೀಕ ಕಾರನ್ನು ತೀರಾ ಹೊಗಳಿದ, ಮತ್ತೊಬ್ಬ ಹೊಗಳಲೇ ಇಲ್ಲ. ಮೊಸರಲ್ಲಿ ಕಲ್ಲು ಹುಡುಕುವವರು ಕಲ್ಲು ಸಿಗದಿದ್ದರೆ ಸುಮ್ಮನಾಗುತ್ತಾರೆ. ಸಾಹೇಬರು ಕಲ್ಲು ಯಾಕೆ ಸಿಗಲಿಲ್ಲ ಎಂದು ಮೊಸರನ್ನೇ ಗುಮಾನಿಯಿಂದ ನೋಡುವವರು.

"ನೀವು ನೋಡಿ ಬಿಟ್ಟ ಆ ಬೂದು ಬಣ್ಣದ ಕಾರು ನಮ್ಮ ಹಿಂದಿನ ಬೀದಿಯವರ ಮನೇಲಿ ಎಂಟು ತಿಂಗಳಿಂದ ಓಡಾಡ್ತಿದೆ. ಕೆಮ್ಮೂ ಇಲ್ಲ, ನೆಗಡೀನೂ ಇಲ್ಲ," ಎಂದರು ಟೀಚರಮ್ಮ ಒಂದು ದಿನ ಬಟ್ಟೆ ಮಡಿಸುತ್ತ.

"ಇವತ್ತಿಲ್ಲ. ನಾಳೆ ನೋಡು."

"ನಾಳೆ ಅಂದ್ರೆ ಒಂದನೇ ತಾರೀಖಿಗೆ ಇನ್ನು ಹದಿನೆಂಟೇ ದಿನ. ನಾನೇನು ನಿಮ್ಮ ನೋಟ್ ಪುಸ್ತಕದ ಮೇಲೆ ಕೂತ್ಕೊಂಡು ಶಾಲೆಗೆ ಹೋಗ್ಲಾ?"

ಆ ಮಾತು ನಾಟಿತು. ಅದೇ ವಾರ ಮೂವತ್ತೆಂಟನೆಯ ಕಾರು ಕಣ್ಣಿಗೆ ಬಿತ್ತು. ನಿವೃತ್ತ ನರ್ಸಮ್ಮನೊಬ್ಬರದು. ಬಿಳಿ ಬಣ್ಣದ ಚಿಕ್ಕ ಸೆಡಾನ್, ಒಂಬತ್ತು ವರ್ಷ ಹಳೆಯದು, ಒಂದೇ ಕೈಯಲ್ಲಿ ಓಡಿದ್ದು. ಮೊಣಕಾಲು ನೋವಿನಿಂದ ಕ್ಲಚ್ ಒತ್ತಲಾಗದೆ ಅವರು ಮಾರುತ್ತಿದ್ದರು. ಸಾಹೇಬರು ಸುತ್ತ ಮೂರು ಪ್ರದಕ್ಷಿಣೆ ಬಂದು, ತಮ್ಮ ಸಂಶೋಧನೆಯ ಶಿಖರವಾದ ಐವತ್ತೆರಡು ಪ್ರಶ್ನೆಗಳ ಪಟ್ಟಿಯನ್ನು ಇಲಾಖೆಯ ಪದ್ಧತಿಯಂತೆ ಎರಡು ಪ್ರತಿ ಮಾಡಿ ಅವರ ಕೈಗಿತ್ತರು.

"ಒಂದು ವಾರ ಟೈಮ್ ತಗೊಳ್ಳಿ ಸಿಸ್ಟರ್. ಒಂದು ಪ್ರತಿ ತುಂಬಿ ನನಗೆ, ಇನ್ನೊಂದು ನಿಮ್ಮ ಉಪಯೋಗಕ್ಕೆ. ಮುಚ್ಚುಮರೆ ಮಾತ್ರ ಬೇಡ. ಏನಾದರೂ ವಿಚಾರಿಸೋದಿದ್ರೆ ಮನೆ ನಂಬರಿಗೆ ಫೋನ್ ಮಾಡಿ."

ನರ್ಸಮ್ಮ ಕನ್ನಡಕ ಏರಿಸಿಕೊಂಡು ಐವತ್ತೆರಡು ಪ್ರಶ್ನೆಗಳನ್ನೂ ನಿಂತಲ್ಲೇ ಓದಿದರು. ಆಮೇಲೆ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒಳ್ಳೇ ಪ್ರಶ್ನೆಗಳು. ಉಪಯೋಗಕ್ಕೆ ಬರುತ್ತೆ," ಎಂದರು.

ಸಾಹೇಬರು ಉಬ್ಬಿಹೋದರು. ಹನ್ನೊಂದು ತಿಂಗಳಲ್ಲಿ ಅವರ ಪಟ್ಟಿಯನ್ನು ಮೆಚ್ಚಿದ ಮೊದಲ ಜೀವ ಅದು. ಮನೆಗೆ ಬಂದವರೇ ಹೆಂಡತಿಗೂ ಕಟ್ಟಪ್ಪಣೆ ಮಾಡಿದರು: "ನೋಡು, ಆಯಮ್ಮ ಫೋನ್ ಮಾಡಿದ್ರೆ ಏನು ಕೇಳಿದ್ರೂ ಇದ್ದದ್ದು ಇದ್ದ ಹಾಗೆ ಹೇಳು. ಈ ವ್ಯವಹಾರದಲ್ಲಿ ಮುಚ್ಚಿಡೋದೇ ದೊಡ್ಡ ರೋಗ."

"ಇದ್ದದ್ದು ಇದ್ದ ಹಾಗೇನಾ?" ಎಂದು ಟೀಚರಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಒಂದನೇ ತಾರೀಖಿಗೆ ನಾಲ್ಕು ದಿನ ಇರುವಾಗ ಮೂವರು ಆಟೋದಲ್ಲಿ ನರ್ಸಮ್ಮನ ಮನೆ ಮುಂದೆ ಬಂದಿಳಿದರು. ಸಾಹೇಬರು, ಟೀಚರಮ್ಮ, ಮತ್ತು ಸಾಹೇಬರ ಸ್ಕೂಟರನ್ನು ಹದಿನಾಲ್ಕು ವರ್ಷದಿಂದ ಹೇಗೋ ಬದುಕಿಸಿಟ್ಟಿದ್ದ ಮೆಕ್ಯಾನಿಕ್. ತಪಾಸಣೆ ಎರಡು ಗಂಟೆ ನಡೆಯಿತು. ಮೆಕ್ಯಾನಿಕ್ ಬಾನೆಟ್ ಎತ್ತಿದ, ಕೆಳಗೆ ತೂರಿದ, ಓಡಿಸಿ ಬಂದ. ಸಾಹೇಬರು ಅಯಸ್ಕಾಂತ ಹಿಡಿದು ಬಾಗಿಲು ಬಾಗಿಲಿಗೂ ಅಂಟಿಸಿ ನೋಡಿದರು. ಗುದ್ದಿದ ತಗ್ಗು ಮುಚ್ಚಲು ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಅದು ಅಂಟುವುದಿಲ್ಲ. ಎಲ್ಲ ಕಡೆಯೂ ಅಂಟಿತು, ಅವರಿಗೆ ಸ್ವಲ್ಪ ಬೇಜಾರೇ ಆಯಿತು.

"ಕಣ್ಣು ಮುಚ್ಕೊಂಡು ತಗೊಳ್ಳಿ ಸಾರ್," ಎಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ.

ಸಾಹೇಬರು ಜೇಬಿನಿಂದ ಚೀಟಿ ತೆಗೆದು ಗಂಟಲು ಸರಿಮಾಡಿಕೊಂಡರು. "ಸಿಸ್ಟರ್, ನೀವು ಹೇಳಿದ್ದು ಎರಡು ಲಕ್ಷ ಅರವತ್ತು. ನನ್ನ ಸೂತ್ರದ ಪ್ರಕಾರ ನ್ಯಾಯಬೆಲೆ ಎರಡು ಲಕ್ಷ ಮೂವತ್ತೊಂದು ಸಾವಿರದ ನಾನೂರು. ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಇವತ್ತೇ ಮುಗಿಸೋಣ."

"ಕೂತ್ಕೊಳ್ಳಿ," ಎಂದು ನರ್ಸಮ್ಮ ಜಗಲಿಯ ಕುರ್ಚಿಗಳನ್ನು ತೋರಿಸಿದರು. "ನೀವು ನನ್ನ ಕಾರನ್ನ ಎರಡು ಗಂಟೆ ನೋಡಿದ್ರಿ. ನನಗೆ ಹತ್ತು ನಿಮಿಷ ಕೊಡಿ."

ಒಳಗಿನಿಂದ ಅವರು ತಂದದ್ದು ಪ್ರಶ್ನೆಪಟ್ಟಿಯ ಎರಡು ಪ್ರತಿಗಳು. ಎರಡೂ ಭರ್ತಿಯಾಗಿದ್ದವು. ಒಂದನ್ನು ಸಾಹೇಬರ ಕೈಗಿತ್ತರು. "ಇದು ಕಾರಿಂದು." ಇನ್ನೊಂದನ್ನು ತಾವೇ ಹಿಡಿದುಕೊಂಡರು. "ಇದು ನಿಮ್ಮದು."

"ನಂದು ಅಂದ್ರೆ?"

"ನನ್ನ ಹಿಂದಿನ ಕಾರನ್ನ ಒಬ್ಬ ಸಂಭಾವಿತರಿಗೆ ಕೊಟ್ಟಿದ್ದೆ. ಒಂದೇ ವರ್ಷದಲ್ಲಿ ಅದನ್ನ ಕೋಳಿಗೂಡು ಮಾಡಿದ್ರು. ನಾನೇ ಕಣ್ಣಾರೆ ನೋಡಿದೆ. ಆವತ್ತೇ ತೀರ್ಮಾನ ಮಾಡಿದೆ, ತಗೊಳ್ಳೋರ ಪೂರ್ವಾಪರ ನೋಡದೆ ಇನ್ನು ಕೊಡಲ್ಲ ಅಂತ. ಏನು ಕೇಳಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ನೀವು ಪಟ್ಟಿ ಕೊಟ್ರಿ. ನಿಮ್ಮ ಮನೆಗೆ ಫೋನ್ ಮಾಡಿದೆ. ನಲವತ್ತು ನಿಮಿಷ, ಪಾಪ, ಎಲ್ಲಕ್ಕೂ ಉತ್ತರ ಕೊಟ್ರು."

ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಟೀಚರಮ್ಮ ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನರ್ಸಮ್ಮ ರೋಗಿಯ ಚಾರ್ಟ್ ಓದುವ ದನಿಯಲ್ಲಿ ಶುರುಮಾಡಿದರು. "ಪ್ರಶ್ನೆ ಒಂದು, ತಯಾರಾದ ವರ್ಷ. ಉತ್ತರ, ಐವತ್ತೊಂದು ವರ್ಷ ಹಳೆಯದು. ಪ್ರಶ್ನೆ ಎರಡು, ಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ? ಹೌದು. ಹೊರಗಿನವರು ಕೇಳಿದ್ರೆ ನಲವತ್ತೇಳು ತೋರಿಸುತ್ತೆ. ಪ್ರಶ್ನೆ ಮೂರು, ಬಣ್ಣ ಮೂಲದ್ದೇನಾ? ಅಲ್ಲ. ತಿಂಗಳಿಗೊಂದು ಭಾನುವಾರ ಬಚ್ಚಲುಮನೇಲಿ ಹೊಸದಾಗಿ ಬಳೀತಾರೆ."

ಸಾಹೇಬರ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಮೆಕ್ಯಾನಿಕ್ ಆಕಾಶ ನೋಡತೊಡಗಿದ.

"ಹಿಂದಿನ ಮಾಲೀಕರು? ಒಬ್ಬರೇ, ಅತ್ತೆ. ತುಂಬಾ ಮುದ್ದಿನಿಂದ ಇಟ್ಕೊಂಡಿದ್ರು, ಹಾಗಾಗಿ ಕೆಲವು ಭಾಗಗಳು ಕೆಲಸಾನೇ ಕಲಿತಿಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾ? ಎರಡು ಕಾಫಿ, ಮೂರು ಕೂಗು. ನಿಂತಿರುವಾಗ ಸದ್ದು? ಮಲಗಿದ್ದಾಗ ಜಾಸ್ತಿ. ಏರಿನಲ್ಲಿ ಎಳೆತ? ಮೊದಲನೇ ಮಹಡಿವರೆಗೆ ಪರವಾಗಿಲ್ಲ, ಕೈಯಲ್ಲಿ ತರಕಾರಿ ಚೀಲ ಇದ್ರೆ ಇಲ್ಲ. ರಿವರ್ಸ್? ಆಡಿದ ಮಾತನ್ನ ಹಿಂದಕ್ಕೆ ತಗೊಂಡಿದ್ದು ನಾನು ನೋಡಿಲ್ಲ."

"ಇದನ್ನೆಲ್ಲ ನೀನು ಹೇಳಿದ್ಯಾ?" ಸಾಹೇಬರ ದನಿ ಕೀರಲಾಗಿ ಹೊರಟಿತು.

"ನೀವೇ ತಾನೆ ಹೇಳಿದ್ದು, ಇದ್ದದ್ದು ಇದ್ದ ಹಾಗೆ ಹೇಳು ಅಂತ," ಎಂದರು ಟೀಚರಮ್ಮ ಗಡಿಯಾರದಿಂದ ಕಣ್ಣು ತೆಗೆಯದೆ. "ನಾನು ಎರಡು ಸಲ ಕೇಳಿದ್ದೆ."

"ಮೆಕ್ಯಾನಿಕ್ ಅವರ ಶೆಡ್ಡಿಗೂ ಹೋಗಿದ್ದೆ," ನರ್ಸಮ್ಮ ಪುಟ ತಿರುಗಿಸಿದರು. "ಸ್ಕೂಟರಿಗೆ ಕಾಲಕಾಲಕ್ಕೆ ಸರ್ವಿಸ್ ಮಾಡಿಸ್ತಾರಾ ಅಂತ ಕೇಳಿದೆ. ಇವರು ಒಂದು ನಿಮಿಷ ಯೋಚನೆ ಮಾಡಿ, ಆಯಿಲ್ ಬದಲಾಯಿಸಿದ ವರ್ಷ ನೆನಪಿಲ್ಲ, ಆವಾಗ ನನಗಿನ್ನೂ ಮದುವೆ ಆಗಿರಲಿಲ್ಲ ಅಂದ್ರು."

"ಮಾಡಿದ್ದುಣ್ಣೋ ಮಹರಾಯ," ಎಂದು ಮೆಕ್ಯಾನಿಕ್ ಯಾರಿಗೂ ಕೇಳಿಸದಂತೆ ಗೊಣಗಿದ. ಎಲ್ಲರಿಗೂ ಕೇಳಿಸಿತು.

ಇಪ್ಪತ್ತಾರು ವರ್ಷ ಪರರ ತಕ್ಕಡಿಗೆ ಮುದ್ರೆ ಒತ್ತಿದ ಸಾಹೇಬರು ತಾವೇ ತಟ್ಟೆಯಲ್ಲಿ ಕೂತಿದ್ದು ಇದೇ ಮೊದಲು. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ನಾಲ್ಕೇ ದಿನ. ಎದ್ದರೆ ಹೆಂಡತಿಯ ಕೆಲಸ ಹೋಗುತ್ತದೆ, ಕೂತರೆ ಮಾನ ಹೋಗುತ್ತದೆ. ಮಾನವೇ ಹೋಗಲಿ ಎಂದು ಕೂತರು. ಅವರ ಬಾಳಿನಲ್ಲಿ ಸೂತ್ರವಿಲ್ಲದೆ ಮಾಡಿದ ಅಪರೂಪದ ಲೆಕ್ಕ ಅದು.

"ಪ್ರಶ್ನೆ ಐವತ್ತು," ನರ್ಸಮ್ಮ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಓದಿದರು. "ನಡುದಾರೀಲಿ ಯಾವತ್ತಾದ್ರೂ ಕೈಕೊಟ್ಟಿದೆಯಾ? ಉತ್ತರ, ಇಲ್ಲ. ಒಂದು ಸಲಾನೂ ಇಲ್ಲ. ನನಗೆ ಆಪರೇಷನ್ ಆದಾಗ ಹದಿನೆಂಟು ದಿನ ಆಸ್ಪತ್ರೆ ಬೆಂಚಿನ ಮೇಲೆ ಮಲಗಿತ್ತು."

ಇಷ್ಟು ಹೊತ್ತಿನ ಬೈಗುಳವನ್ನೆಲ್ಲ ತಡೆದುಕೊಂಡಿದ್ದ ಸಾಹೇಬರಿಗೆ ಈ ಮಾತಿನ ಆಘಾತ ತಡೆಯಲಾಗಲಿಲ್ಲ. ಅದು ಹೆಂಡತಿಗೆ ನೆನಪಿರುತ್ತದೆಂದು ಅವರು ಎಂದೂ ಅಂದುಕೊಂಡಿರಲಿಲ್ಲ. ಮುಖ ಮುಚ್ಚಿಡಲು ಕಾರಿನ ಪ್ರತಿಯನ್ನು ತಲೆಕೆಳಗಾಗಿ ಹಿಡಿದು ಓದಿದರು.

ನರ್ಸಮ್ಮ ಕಾಗದಗಳನ್ನು ಮಡಿಸಿದರು. "ಎಲ್ಲಾ ನೋಡಿದ ಮೇಲೆ ಹೇಳ್ತೀನಿ. ನಿಮಗೆ ಕಾರು ಕೊಡೋಕಾಗಲ್ಲ."

ಸಾಹೇಬರು ಬೆಚ್ಚಿಬಿದ್ದರು. "ಸಿಸ್ಟರ್, ದಯವಿಟ್ಟು ಹಾಗನ್ನಬೇಡಿ. ಎರಡು ಅರವತ್ತೇ ಕೊಡ್ತೀನಿ. ಎಪ್ಪತ್ತು ಬೇಕಾದ್ರೂ ಕೊಡ್ತೀನಿ. ಒಂದನೇ ತಾರೀಖು ಇವಳು ಕೆಲಸಕ್ಕೆ ಸೇರಬೇಕು. ತಪ್ಪು ನಂದು, ಶಿಕ್ಷೆ ಅವಳಿಗೆ ಯಾಕೆ?"

ಹನ್ನೊಂದು ತಿಂಗಳು ಹೆಣೆದ ನ್ಯಾಯಬೆಲೆ ಒಂದೇ ಉಸಿರಿನಲ್ಲಿ ಗಾಳಿಗೆ ಹೋಯಿತು. ಟೀಚರಮ್ಮ ಮೊದಲ ಸಲ ಗಡಿಯಾರ ಬಿಟ್ಟು ಗಂಡನ ಮುಖ ನೋಡಿದರು.

"ನಿಮಗೆ ಕೊಡಲ್ಲ ಅಂದೆ. ಟೀಚರಮ್ಮನಿಗೆ ಕೊಡಲ್ಲ ಅಂದ್ನಾ?" ಎಂದರು ನರ್ಸಮ್ಮ. "ಅವರ ಹೆಸರಿಗೆ ಬರೆದುಕೊಡ್ತೀನಿ. ಎರಡು ಲಕ್ಷ ಇಪ್ಪತ್ತೈದು ಸಾವಿರ. ನಾಲ್ಕು ಕಡೆ ವಿಚಾರಿಸಿದ್ದೀನಿ, ಅದಕ್ಕಿಂತ ಜಾಸ್ತಿ ಬೆಲೆ ಬಾಳಲ್ಲ. ಆ ಅರವತ್ತು, ನೀವು ಹೇಗೆ ಚೌಕಾಸಿ ಮಾಡ್ತೀರಿ ನೋಡೋಣ ಅಂತ ಹೇಳಿದ್ದು. ನಿಮ್ಮ ಸೂತ್ರದಲ್ಲಿ ಆರು ಸಾವಿರ ಚಿಲ್ಲರೆ ತಪ್ಪಿದೆ, ಮನೇಗೆ ಹೋಗಿ ಸರಿಮಾಡ್ಕೊಳ್ಳಿ. ಇನ್ನೊಂದು ಷರತ್ತು. ಆರು ತಿಂಗಳು ಯಜಮಾನರು ಹಿಂದಿನ ಸೀಟಲ್ಲಿ ಕೂರಬೇಕು. ಸ್ಟೀರಿಂಗ್ ಮುಟ್ಟೋ ಹಾಗಿಲ್ಲ, ಸಲಹೆ ಕೊಡೋ ಹಾಗಿಲ್ಲ. ಅಬ್ಸರ್ವೇಷನ್."

ಕಾಗದಪತ್ರ ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಮೆಕ್ಯಾನಿಕ್ ತಾನು ನಡೆದೇ ಹೋಗುತ್ತೇನೆಂದು ಹೇಳಿ ಬೇಗ ಬೇಗ ಹೊರಟುಹೋದ. ಟೀಚರಮ್ಮ ಸ್ಟೀರಿಂಗ್ ಹಿಂದೆ ಕುಳಿತು ಕನ್ನಡಿ ಸರಿಮಾಡಿಕೊಂಡರು. ಸಾಹೇಬರು ಹಿಂದಿನ ಬಾಗಿಲು ತೆರೆದು, ಡಿಕ್ಕಿಗೆ ಆತುಕೊಂಡ ಸೀಟಿನಲ್ಲಿ ಕೈಕಟ್ಟಿ ಕುಳಿತರು. ನರ್ಸಮ್ಮ ಕಿಟಕಿಯೊಳಗೆ ಕೈ ಹಾಕಿ ಆ ಎರಡನೇ ಪ್ರತಿಯನ್ನು ಅವರ ತೊಡೆಯ ಮೇಲಿಟ್ಟರು. "ಕೊನೇ ಪ್ರಶ್ನೆ ನಾನು ಓದಲಿಲ್ಲ. ನೀವೇ ಓದ್ಕೊಳ್ಳಿ."

ಕಾರು ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಮೂರನೇ ಗೇರಿಗೆ ಹಾಕಬೇಕಾದ ಕಡೆ ಟೀಚರಮ್ಮ ಎರಡರಲ್ಲೇ ಎಳೆಯುತ್ತಿದ್ದರು. ಸಾಹೇಬರು ಬಾಯಿ ತೆರೆದು, ನೆನಪಾಗಿ ಮುಚ್ಚಿ, ಕಾಗದ ಬಿಡಿಸಿದರು. ಐವತ್ತೆರಡನೆಯ ಪ್ರಶ್ನೆ, ಅವರೇ ಹೆಮ್ಮೆಯಿಂದ ರಚಿಸಿದ್ದು: ಇವತ್ತು ನಿಮಗೆ ಗೊತ್ತಿರುವುದೆಲ್ಲ ಗೊತ್ತಿದ್ದೂ ಇದೇ ಗಾಡಿಯನ್ನು ಮತ್ತೆ ಕೊಳ್ಳುತ್ತೀರಾ?

ಅದರ ಕೆಳಗೆ ನರ್ಸಮ್ಮನ ದುಂಡನೆಯ ಅಕ್ಷರದಲ್ಲಿ ಟೀಚರಮ್ಮನ ಉತ್ತರವಿತ್ತು. "ಕೊಳ್ತೀನಿ. ಏನೂ ವಿಚಾರಿಸದೆ ಕೊಂಡಿದ್ದಕ್ಕೇ ಇಪ್ಪತ್ತೊಂದು ವರ್ಷ ಓಡಿದೆ. ಇವರ ಹಾಗೆ ವಿಚಾರಿಸಿದ್ದಿದ್ರೆ ಆವತ್ತೇ ಬಿಟ್ಟು ಬಂದಿರ್ತಿದ್ದೆ."

ಸಾಹೇಬರು ಅದನ್ನು ಮೂರು ಸಲ ಓದಿದರು. ಇಲಾಖೆಯ ಯಾವ ತೂಕದ ಬಟ್ಟಿನಿಂದಲೂ ತೂಗಲಾಗದ ವಾಕ್ಯ. ಕೊನೆಗೆ ಮುಂದಕ್ಕೆ ಬಾಗಿ, ಬಹಳ ಮೆಲ್ಲಗೆ ಕೇಳಿದರು.

"ಇದು ಹೊಗಳಿದ್ದೋ, ಬೈದಿದ್ದೋ?"

"ಅವಸರ ಏನಿದೆ," ಎಂದರು ಟೀಚರಮ್ಮ ಕನ್ನಡಿಯಲ್ಲಿ ಅವರನ್ನೇ ನೋಡುತ್ತ, ನಿಧಾನವಾಗಿ ಮೂರನೇ ಗೇರಿಗೆ ಹಾಕಿ. "ಒಂದು ಹನ್ನೊಂದು ತಿಂಗಳು ವಿಚಾರ ಮಾಡಿ ನೋಡಿ."