ಮೇಲಿನ ಮಹಡಿಯ ಹುಡುಗಿ

ಮಧ್ಯಾಹ್ನದ ನಿದ್ದೆ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಡಾಕ್ಟರುಗಳು ತೀರ್ಮಾನಿಸಲಿ. ಸಂಸಾರಕ್ಕಂತೂ ಅದು ಒಳ್ಳೆಯದಲ್ಲ. ಕಲ್ಯಾಣದುರ್ಗದ ಬಸ್‌ಸ್ಟಾಂಡಿನ ಎದುರು ನನ್ನದೊಂದು ವಾಚು ರಿಪೇರಿ ಅಂಗಡಿ. ಬಿಸಿಲು ನೆತ್ತಿಗೇರಿದ ಮೇಲೆ ಈ ಊರಿನಲ್ಲಿ ಯಾರಿಗೂ ಟೈಮು ಬೇಕಾಗುವುದಿಲ್ಲವಾದ್ದರಿಂದ ಷಟರ್ ಎಳೆದು, ಮನೆಗೆ ಬಂದು, ಉಂಡು, ಚಾಪೆಯ ಮೇಲೆ ಉರುಳಿಕೊಳ್ಳುತ್ತೇನೆ. ಅಂಥ ಒಂದು ಮಧ್ಯಾಹ್ನ ನಾನು ನಿದ್ದೆಯಲ್ಲಿ, "ಇರು ಚಿನ್ನಾ, ಬಂದೆ, ಇನ್ನೊಂದೇ ಏಣಿ" ಎಂದೆನಂತೆ. ಇದಕ್ಕೆ ಸಾಕ್ಷಿಗಳು ನನ್ನ ಹೆಂಡತಿ ವಾಣಿಶ್ರೀ ಮತ್ತು ಕುಂದುರ್ಪಿಯಿಂದ ಬಂದು ನಮ್ಮಲ್ಲೇ ಇರುವ ಅತ್ತೆ ಸಣ್ಣಕ್ಕ.

ಮದುವೆಯಾದಾಗಿನಿಂದ ನಾನು ವಾಣಿಶ್ರೀಯನ್ನು ಚಿನ್ನಾ ಎಂದು ಕರೆದ ದಾಖಲೆ ಇಲ್ಲ. (ಚಿನ್ನದ ಮಾತೆತ್ತಿದರೆ ಅದು ಯಾವ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತದೆಂಬ ಭಯ.) ಆದ್ದರಿಂದ ಕಣ್ಣು ಬಿಡುವುದರೊಳಗೆ ವಿಚಾರಣೆ ಶುರುವಾಗಿತ್ತು.

"ಯಾರ್ರೀ ಅವ್ಳು? ಏಣಿ ಹಾಕ್ಕಂಡು ಹತ್ತೋ ಅಷ್ಟು ಎತ್ತರದಾಗೆ ಯಾರವ್ಳೆ?"

ನಾನು ನಿಜ ಹೇಳಿದೆ. ಸಂಸಾರಸ್ಥರು ಸಾಮಾನ್ಯವಾಗಿ ಮಾಡದ ಕೆಲಸ.

ಹಿಂದೂಪುರದಲ್ಲಿ ನಾನು ವಾಚಿನ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಗೆಳೆಯ ಓಬುಳಪತಿಯ ಅಣ್ಣ ಬೊಂಬಾಯಿಯಿಂದ ಒಂದು ಕಂಪ್ಯೂಟರ್ ತಂದಿದ್ದ. ಕಂಪ್ಯೂಟರ್ ಎಂದರೆ ಈಗಿನಂಥದ್ದಲ್ಲ. ರಬ್ಬರಿನ ಗುಂಡಿಗಳಿದ್ದ, ಊಟದ ಡಬ್ಬಿಯಷ್ಟು ದೊಡ್ಡ ವಸ್ತು. ಅದನ್ನು ಟಿವಿಗೆ ಸಿಕ್ಕಿಸಿ, ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕ್ಯಾಸೆಟ್ ಹಾಕಬೇಕು. ಕ್ಯಾಸೆಟ್ಟಿನಿಂದ ಹಾಡು ಬರುವುದಿಲ್ಲ, ಬರುವುದು ಬರೀ ಕಿರುಚಾಟ. ಕಿರುಚಾಟಕ್ಕೆ ತಕ್ಕಂತೆ ಟಿವಿಯ ಅಂಚಿನಲ್ಲಿ ಬಣ್ಣಬಣ್ಣದ ಪಟ್ಟೆಗಳು ಹರಿಯುತ್ತವೆ. ನಾವು ನೋಡುತ್ತ ನೋಡುತ್ತ ತೂಕಡಿಸಿ, ಯಾಕೆ ಕೂತಿದ್ದೇವೆಂಬುದನ್ನೇ ಮರೆತ ಗಳಿಗೆಯಲ್ಲಿ ಆಟ ಪ್ರತ್ಯಕ್ಷವಾಗುತ್ತದೆ. ದೊಡ್ಡ ಶಹರಗಳಲ್ಲಿ ಬೀರುವಿನಂಥ ಪೆಟ್ಟಿಗೆಗೆ ಕಾಸು ಹಾಕಿ ನಿಂತು ಆಡುವ ಆಟವೊಂದು ಜಗತ್ತಿನಲ್ಲೆಲ್ಲ ಹೆಸರು ಮಾಡಿತ್ತಂತೆ. ಯಾರೋ ಪುಣ್ಯಾತ್ಮ ಅದನ್ನು ನೋಡಿಕೊಂಡು ಮನೆಯ ಕಂಪ್ಯೂಟರಿಗೆ ಇಳಿಸಿದ ನಕಲು ಇದು. ಮೂಲದಲ್ಲಿ ಇದ್ದದ್ದು ಗೊರಿಲ್ಲ. ನಕಲು ಮಾಡಿದವನಿಗೆ ಬಣ್ಣಗಳ ಬರವಿತ್ತೋ ಏನೋ, ನಮ್ಮದು ಅಚ್ಚ ಸಿಂಧೂರ ಬಣ್ಣದ ಕೋತಿ.

ಕೋತಿ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಒಬ್ಬ ಹುಡುಗಿಯನ್ನು ಇಟ್ಟುಕೊಂಡು ಪೀಪಾಯಿ ಉರುಳಿಸುತ್ತದೆ. ಕೆಳಗೊಂದು ಬೆಂಕಿ ಉರಿಯುತ್ತಿರುತ್ತದೆ. ಸುತ್ತಿಗೆ ಹಿಡಿದ ಮೀಸೆಯವನೊಬ್ಬ ಪೀಪಾಯಿಗಳನ್ನು ಹಾರುತ್ತ, ಏಣಿ ಹತ್ತುತ್ತ ಅವಳನ್ನು ಬಿಡಿಸಬೇಕು. ಆ ಮೀಸೆಯವನು ನಾನು. ಒಂದು ದಿನ ಕೊನೆಯ ಏಣಿಯ ಅರ್ಧದಲ್ಲಿದ್ದೆ. ಹುಡುಗಿ ಕೈಯೆತ್ತಿ ಕುಣಿಯುತ್ತಿದ್ದಳು. ಹಿಂದೂಪುರಕ್ಕೆ ಹಿಂದೂಪುರವೇ ಕರೆಂಟು ಕಳೆದುಕೊಂಡಿತು. ಮತ್ತೆ ಅಷ್ಟು ಎತ್ತರ ಮುಟ್ಟುವ ಮೊದಲೇ, ಮರುವಾರ ಓಬುಳಪತಿಯ ಅಣ್ಣ ಮದುವೆಯಾಗಿ ಕಂಪ್ಯೂಟರನ್ನು ಅಟ್ಟಕ್ಕೆ ಹಾಕಿದ. ಅಷ್ಟೇ. ಅವಳ ಹತ್ತಿರ ಹೋಗಿ ನಿಂತರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಮದುವೆಯಾದೆ, ಅಂಗಡಿ ಇಟ್ಟೆ, ತಲೆ ನರೆಸಿಕೊಂಡೆ. ನಿದ್ದೆ ಹತ್ತಿದರೆ ಸಾಕು, ಏಣಿಗಳು ಬಂದು ನಿಲ್ಲುತ್ತವೆ. ಕಡಲೆಕಾಯಿ ಹೊಲಗಳ ಮೇಲೆ, ಕುಂದುರ್ಪಿಯ ಕೋಟೆಬೆಟ್ಟದ ಮೇಲೆ, ಮೋಡದ ಮೇಲೆ ಹತ್ತುತ್ತಲೇ ಇರುತ್ತೇನೆ. ಕಾಲು ನೋಯುವುದಿಲ್ಲ. ಆದರೆ ತಲುಪುವುದೂ ಇಲ್ಲ.

ವಾಣಿಶ್ರೀ ಎಲ್ಲವನ್ನೂ ಕೇಳಿ, ಬೊಂಬೆಯನ್ನು ಚಿನ್ನಾ ಎನ್ನುವವರ ಜೊತೆ ತಾನು ಇಷ್ಟು ಕಾಲ ಬಾಳಿದ್ದೇ ದೊಡ್ಡದು ಎಂದಳು. ಅನುಮಾನ ಹೋಯಿತು. ಗೌರವವೂ ಅದರ ಜೊತೆಗೇ ಹೋಯಿತು.

ಇದಾದ ಸ್ವಲ್ಪ ದಿನಕ್ಕೆ ಓಬುಳಪತಿ ಹಿಂದೂಪುರದ ಮನೆಗೆ ಸುಣ್ಣ ಹೊಡೆಸುತ್ತ ಫೋನು ಮಾಡಿದ. "ಅಟ್ಟದಾಗೆ ನಿನ್ನ ಪ್ರಾಣ ಸಿಕ್ಕೈತೆ ಕಣ್ಲಾ. ಬಂದು ತಗಂಡೋಗು, ಇಲ್ಲಾಂದ್ರೆ ಹಳೇ ಸಾಮಾನಿನೋನಿಗೆ ಹಾಕ್ಬುಡ್ತೀನಿ." ನಾನು ಸಿಕ್ಕಿದ ಬಸ್ಸು ಹತ್ತಿ ಹೋಗಿ, ಯಂತ್ರವನ್ನೂ ಕ್ಯಾಸೆಟ್ಟನ್ನೂ ಟೇಪ್‌ರೆಕಾರ್ಡರನ್ನೂ ಮದುವಣಗಿತ್ತಿಯನ್ನು ಕರೆತರುವಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಟೇಪ್‌ರೆಕಾರ್ಡರಿನ ಬೆಲ್ಟು ಬದಲಿಸಿದೆ, ಹೆಡ್ಡು ಒರೆಸಿದೆ, ಕೈಕೊಟ್ಟ ಗುಂಡಿಗಳನ್ನು ವಾಚಿನ ಚಿಮಟ ಹಿಡಿದು ಸರಿಪಡಿಸಿದೆ. ನಮ್ಮ ಮನೆಯಲ್ಲಿ ಇನ್ನೂ ಹಳೆಯ ಡಬ್ಬಾ ಟಿವಿಯೇ ಇರುವುದು ಅಂದು ಮೊದಲ ಬಾರಿಗೆ ಹೆಮ್ಮೆಯ ವಿಷಯವಾಯಿತು.

ಅದೊಂದು ಶನಿವಾರ. ಕ್ಯಾಸೆಟ್ಟು ಕಿರುಚಿತು, ಪಟ್ಟೆಗಳು ಹರಿದವು, ಫ್ಯಾನಿನ ಗಾಳಿಗೆ ನನಗೆ ಜೋಂಪು ಹತ್ತಿತು. ಎಚ್ಚರವಾದಾಗ ಕೋತಿ ಬಂದಿತ್ತು. ಅದರ ಮುಂದೆ ಅತ್ತೆ ಕೈಮುಗಿದು ನಿಂತಿದ್ದರು.

"ಆಂಜನೇಯಸ್ವಾಮಿ ಕಣಮ್ಮ," ಎಂದು ಮಗಳನ್ನು ಕರೆದರು. "ಮೈಯೆಲ್ಲ ಸಿಂಧೂರ ನೋಡು. ಪಕ್ಕದಾಗೆ ಸೀತಮ್ಮನ್ನ ಕಾವಲು ಕಾಯ್ತಾವ್ನೆ. ಕೆಳಗೆ ಲಂಕೆ ಉರೀತೈತೆ."

"ಮತ್ತೆ ಈ ಮೀಸೆಯೋನು?"

"ಇನ್ಯಾರು, ರಾವಣಾಸುರ."

"ಮಿಕ್ಕ ತಲೆಗಳು ಎಲ್ಲಮ್ಮ?"

"ಇಷ್ಟು ಚಿಕ್ಕ ಟಿವಿನಾಗೆ ಹತ್ತು ತಲೆ ಎಲ್ಲಿ ಹಿಡಿಸ್ತಾವೆ? ಹಿಡಿಸಿದಷ್ಟು ಹಾಕವ್ರೆ."

ನಾನು ಆಕ್ಷೇಪಣೆ ಎತ್ತಿದೆ. ಇದು ಪರದೇಶದ ಆಟ, ಅದು ಗೊರಿಲ್ಲದ ನಕಲು, ಆಂಜನೇಯಸ್ವಾಮಿ ಪೀಪಾಯಿ ಉರುಳಿಸಿದ್ದು ಯಾವ ರಾಮಾಯಣದಲ್ಲೂ ಇಲ್ಲ ಎಂದೆಲ್ಲ ವಾದಿಸಿದೆ. ಬಂಡೆ ಉರುಳಿಸಿದ್ದಾನಲ್ಲ, ಪೀಪಾಯಿ ಏನು ಮಹಾ ಎಂದು ಅತ್ತೆ ನನ್ನನ್ನು ಕೂರಿಸಿದರು. ಅಷ್ಟರಲ್ಲಿ ಒಂದು ಪೀಪಾಯಿ ಉರುಳಿ ಬಂದು ನನ್ನ ಮೀಸೆಯವನನ್ನು ಮಲಗಿಸಿತು. ಅತ್ತೆ ತೃಪ್ತಿಯಿಂದ ಟಿವಿಯ ನೆತ್ತಿಗೆ ಕುಂಕುಮವಿಟ್ಟರು.

ಮುಂದಿನದನ್ನು ನಾನು ಊಹಿಸಬೇಕಿತ್ತು. ಪಕ್ಕದ ಮನೆಯ ಉಡುಸಲಮ್ಮ ಮರುಶನಿವಾರ ಬಂದು ಕೂತರು. ತಪ್ಪಿಸಿಕೊಂಡಿದ್ದ ಅವರ ಮೇಕೆ ಅದೇ ಸಂಜೆ ತಾನಾಗಿ ಮನೆಗೆ ಬಂತು. (ಮೇಕೆಗಳು ಸಂಜೆ ಮನೆಗೆ ಬರುವುದು ನಮ್ಮ ಕಡೆ ಅಪರೂಪವೇನಲ್ಲ. ಆದರೆ ಅದನ್ನು ಕೇಳುವವರು ಯಾರು?) ಅಲ್ಲಿಂದ ಬೀದಿಯ ಹೆಂಗಸರೆಲ್ಲ ಬರತೊಡಗಿದರು. ಟಿವಿಗೆ ವೀಳ್ಯದೆಲೆ ಹಾರ ಬಿತ್ತು. ವಡೆಗಳು ಬಂದವು. ನಾನು ಬಿದ್ದಾಗಲೆಲ್ಲ ಸಾಮಿ, ಸಾಮಿ ಎಂದು ಕೆನ್ನೆ ಬಡಿದುಕೊಂಡು ಪ್ರಸಾದ ಹಂಚುತ್ತಿದ್ದರು. ಬಿದ್ದವನಿಗೂ ಒಂದು ವಡೆ ಸಿಗುತ್ತಿತ್ತು. ಅವರ ದಯೆಯ ಬಗ್ಗೆ ನಾನು ಸುಳ್ಳಾಡಬಾರದು. ಮಧ್ಯಾಹ್ನದ ತನ್ನ ಧಾರಾವಾಹಿಯನ್ನು ಎಂದೂ ಯಾರಿಗೂ ಬಿಟ್ಟುಕೊಡದ ವಾಣಿಶ್ರೀ ಶನಿವಾರದ ಮಟ್ಟಿಗೆ ಬಿಟ್ಟುಕೊಟ್ಟಳು, ಗಂಡನ ಆಟಕ್ಕಲ್ಲ, ತಾಯಿಯ ಪೂಜೆಗೆ.

ಇಷ್ಟೊಂದು ಭಕ್ತರ ಎದುರಿನಲ್ಲಿ ರಾವಣನಾಗಿ ಏಣಿ ಹತ್ತುವುದು ಹುಡುಗಾಟವಲ್ಲ. ಹಾರಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಒಂದು ನಿಟ್ಟುಸಿರು ಬರುತ್ತದೆ, ಗುಂಡಿ ತಪ್ಪಿ ಒತ್ತುತ್ತೇನೆ, ಬೀಳುತ್ತೇನೆ. ನನಗೆ ಅಳು ಬರುವಂತಾಗುತ್ತಿತ್ತು. ನನಗೆ ಬೇಕಾದದ್ದು ಗೆಲುವಲ್ಲ. ಅವಳ ಹತ್ತಿರ ಒಂದು ಸಲ ಹೋಗಿ ನಿಲ್ಲುವುದು, ಏನಾಗುತ್ತದೆಂದು ನೋಡುವುದು. ಕ್ಯಾಸೆಟ್ಟಿನ ರಿಬ್ಬನ್ನು ಬೇರೆ ದಿನದಿನಕ್ಕೆ ಸವೆಯುತ್ತಿತ್ತು. ಅದು ತುಂಡಾದರೆ ಈ ಜನ್ಮಕ್ಕೆ ಮುಗಿಯಿತು.

ಕಳೆದ ಶನಿವಾರ ಊಟ ಸ್ವಲ್ಪ ಜಾಸ್ತಿಯಾಗಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಯಾರದೋ ಅಂಗಳದಲ್ಲಿ ಕಡಲೆಕಾಯಿ ಹುರಿಯುವ ವಾಸನೆ ಕಿಟಕಿಯಿಂದ ತೇಲಿ ಬರುತ್ತಿತ್ತು. ಆಡುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಪೀಪಾಯಿಗಳು ಬಂದವು, ಹೋದವು. ಏಣಿಗಳು ತಾವಾಗಿ ಕಾಲ ಕೆಳಗೆ ಬಂದವು. ಹಿಂದೂಪುರದ ಆ ಕೋಣೆ, ಓಬುಳಪತಿಯ ಪಟ್ಟಾಪಟ್ಟಿ ಚಡ್ಡಿ, ನನ್ನ ಕಪ್ಪು ತಲೆಗೂದಲು ಎಲ್ಲವೂ ನನ್ನ ಜೊತೆ ಹತ್ತುತ್ತಿದ್ದವು. ಬೆರಳುಗಳಿಗೆ ವಯಸ್ಸೇ ಇರಲಿಲ್ಲ. ಎಚ್ಚರವಾಗಿ ನೋಡಿದರೆ ಕೊನೆಯ ಏಣಿಯ ಬುಡದಲ್ಲಿದ್ದೇನೆ.

ಅತ್ತೆ ನನ್ನ ತೋಳು ಹಿಡಿದರು. "ಬ್ಯಾಡ ಅಳಿಯಂದ್ರೆ. ಅಲ್ಲೇ ನಿಂತ್ಕಂಬುಡಿ. ಸೀತಮ್ಮನ್ನ ಮುಟ್ಟಿ ಉಳ್ದೋರಿಲ್ಲ ಕಣಪ್ಪ."

ಆಗ ಮಾತಾಡಿದ್ದು ವಾಣಿಶ್ರೀ.

"ಬುಡಮ್ಮ, ಒಂದ್ಸಲ ಹತ್ಲಿ. ಮದ್ವೆಯಾದಾಗ್ಲಿಂದ ನೋಡ್ತಾ ಇವ್ನಿ, ಈ ಮನುಷ್ಯ ಏನೋ ಅರ್ಧಕ್ಕೆ ಬುಟ್ಟು ಬಂದೋರಂಗೆ ಕುಂತಿರ್ತಾರೆ."

ಅಷ್ಟು ವರ್ಷ ಬಾಳಿದರೂ ಅವಳು ಇದನ್ನು ಗಮನಿಸಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತಿದೆ.

ಹತ್ತಿದೆ. ಹಿಂದೂಪುರದಲ್ಲಿ ನಿಂತುಹೋಗಿದ್ದ ಮೆಟ್ಟಿಲು ದಾಟಿದೆ. ಮೇಲಿನ ಮಹಡಿಯಲ್ಲಿ ಕಾಲಿಟ್ಟು ಅವಳ ಪಕ್ಕದಲ್ಲಿ ನಿಂತೆ. ಹತ್ತಿರದಿಂದ ನೋಡಿದರೆ ಅವಳಿಗೆ ಮುಖವೇ ಇರಲಿಲ್ಲ. ನಕಲು ಮಾಡಿದವನು ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರಬೇಕು. ನಮ್ಮಿಬ್ಬರ ನಡುವೆ ಒಂದು ಪುಟ್ಟ ಹೃದಯ ಮೂಡಿತು. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಕೋತಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಇನ್ನೂ ಮೇಲಕ್ಕೆ, ಟಿವಿಯ ಆಚೆಗೆ ಹೋಯಿತು. ಪರದೆ ಮಿಣುಕಿತು. ನಾನು ಮತ್ತೆ ಕೆಳಗಿನ ಮಹಡಿಯಲ್ಲಿ, ಅದೇ ಬೆಂಕಿಯ ಪಕ್ಕದಲ್ಲಿ ನಿಂತಿದ್ದೆ. ಪೀಪಾಯಿಗಳು ಮೊದಲಿಗಿಂತ ಜೋರಾಗಿ ಬರುತ್ತಿದ್ದವು. ಅಷ್ಟೇ ಆಗುವುದು. ಇಷ್ಟು ವರ್ಷಗಳ ಪ್ರಶ್ನೆಗೆ ಅದೇ ಉತ್ತರ.

ಕೋಣೆಯಲ್ಲಿ ಹಬ್ಬವೇ ಆಯಿತು. ಸ್ವಾಮಿ ಸೀತಾತಾಯಿಯನ್ನು ಎತ್ತಿಕೊಂಡು ಹಾರಿದ್ದನ್ನು ಕಣ್ಣಾರೆ ಕಂಡೆವೆಂದು ಉಡುಸಲಮ್ಮ ಕಣ್ಣೀರು ಹಾಕಿದರು. ಯಾರೋ ಬಾಗಿಲಲ್ಲಿ ತೆಂಗಿನಕಾಯಿ ಒಡೆದರು. ನಾನು ಮಾತ್ರ ರಬ್ಬರಿನ ಗುಂಡಿಗಳ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದೆ. ವಾಣಿಶ್ರೀ ಪಕ್ಕಕ್ಕೆ ಬಂದು ಕೂತಳು.

"ಸಿಕ್ಕಿದ್ರೆ ಏನ್ ಮಾಡ್ತಿದ್ರಿ ಅವ್ಳನ್ನ?" ಎಂದು ಮೆಲ್ಲಗೆ ಕೇಳಿದಳು.

ಅದನ್ನು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ನಗದೆ ನನ್ನ ಕೈಗೆ ಒಂದು ಬಿಸಿ ವಡೆ ಇಟ್ಟಳು. ಆ ಗಳಿಗೆಯಲ್ಲಿ ನನ್ನ ಹೆಂಡತಿಯನ್ನು ಚಿನ್ನಾ ಎಂದು ಕರೆಯಬೇಕೆನಿಸಿತು. ಯಂತ್ರವನ್ನು ಗಂಟು ಕಟ್ಟಿ ಓಬುಳಪತಿಗೆ ವಾಪಸು ಕೊಟ್ಟುಬಿಡುತ್ತೇನೆ, ಇನ್ನು ನೆಮ್ಮದಿಯಾಗಿ ಮಲಗುತ್ತೇನೆ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಹೂವಿನ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತರು. ಅವರು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಮದುವೆಯ ದಿನವೂ ಇಲ್ಲ.

"ಕೆಳಗೇ ಬಿದ್ದು ಸೋಲೋದ್ರಾಗೆ ಏನೈತಪ್ಪ, ಮೇಲ್‌ಗಂಟ ಬಂದು ಸೋತ್ರಲ್ಲ, ಅದು ಚೆಂದ," ಎಂದರು. "ಬರೋ ಶನಿವಾರ ಕುಂದುರ್ಪಿಯಿಂದ ನಮ್ಮೋರೆಲ್ಲ ಬತ್ತಾರೆ. ವಸಿ ಬಿರ್ರನೆ ಹತ್ಬುಡಿ ಅಳಿಯಂದ್ರೆ, ಅವ್ರಿಗೆ ಸಂಜೆ ಬಸ್ಸೈತೆ."