ನಮ್ಮ ಕಾರಿನ ಬಾಗಿಲು ಉಸಿರಾಡಿದ ಪ್ರಸಂಗ

ಕಾರಿನ ಬಾಗಿಲಿನ ಒಳಹೊದಿಕೆಯನ್ನು ಮುರಿಯದೆ ಬಿಚ್ಚುವುದು ಬಹಳ ಸುಲಭ. ಹಾಗೆಂದು ಒಂದು ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಕುಡಿಯುತ್ತಾ ನಾನು ನನ್ನ ಗಂಡನಿಗೆ ಹೇಳಿದೆ. ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾಕಿರಬೇಕು? ಹೊಳವನಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಪಾಠ ಮಾಡುವವಳು ನಾನು. ಸನ್ನೆಕೋಲಿನ ತತ್ತ್ವವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅದರ ಮೇಲೆ ಹನ್ನೊಂದು ನಿಮಿಷದ ವಿಡಿಯೋ ಬೇರೆ ನೋಡಿದ್ದೆ. ಎರಡು ಸಲ!

ಮಧುಗಿರಿಯ ಮನೆಯಿಂದ ಶಾಲೆಗೆ ಓಡಾಡಲೆಂದು ನಾವು ಒಂದು ಹಳೆಯ ಕಾರು ಕೊಂಡಿದ್ದೆವು. ಅದರ ಎಡಗಡೆ ಹಿಂದಿನ ಬಾಗಿಲಿನ ಗಾಜು ಪೂರ್ತಿ ಮೇಲೆ ಬರುತ್ತಿರಲಿಲ್ಲ. ಎರಡು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಇಷ್ಟೇ ದೋಷ.

"ಭಾಯ್ ಹತ್ರ ಬಿಟ್ಬಿಡೋಣ ಕಣೇ," ಎಂದರು ನನ್ನ ಗಂಡ ರಾಮಾಂಜಿ. ಭಾಯ್ ಎಂದರೆ ಶಿರಾದಿಂದ ಬಂದು ನಮ್ಮೂರಲ್ಲಿ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್.

"ರೀ, ಒಂಬತ್ತನೇ ಕ್ಲಾಸಿನ ಮಕ್ಕಳು ಮಾಡೋ ಕೆಲಸ ಇದು," ಎಂದೆ.

ವಿಡಿಯೋದವನ ಕೈಯಲ್ಲಿ ಚಪ್ಪಟೆಯಾದ ಪ್ಲಾಸ್ಟಿಕ್ ಪಟ್ಟಿ ಇತ್ತು. ನನ್ನ ಬಳಿ ಅಡುಗೆಮನೆ ಇತ್ತು. ದೋಸೆ ತಿರುವುವ ಮರದ ಸೌಟಿನಿಂದ ಸಂದು ಬಿಡಿಸಿ, ಆ ಸಂದಿಗೆ ಮುದ್ದೆ ಕೋಲು ತೂರಿಸಿ ಮೀಟಿದೆ. ಟಪ್ ಎಂದು ಒಂದು ಕ್ಲಿಪ್ಪು ಬಿಟ್ಟುಕೊಂಡಿತು. ಆಹಾ! ಎರಡನೆಯದು ಟಪ್ ಎಂದು ಮುರಿಯಿತು. ಮೂರನೆಯದು ಹಾರಿ ಚರಂಡಿಗೆ ಬಿತ್ತು. ಹಿಡಿಕೆಯ ಹಿಂದೆ ಒಂದು ಸ್ಕ್ರೂ ಅಡಗಿರುತ್ತದೆಂದು ವಿಡಿಯೋದವನು ಹೇಳಿದ್ದನಂತೆ. ಎರಡು ಸಲವೂ ಆ ಹೊತ್ತಿಗೆ ನಾನು ಕುಕ್ಕರಿನ ವಿಷಲ್ ಎಣಿಸುತ್ತಿದ್ದೆ. ಹಾಗಾಗಿ ಸ್ಕ್ರೂ ಬಿಚ್ಚದೆಯೇ ಎಳೆದೆ. ಫಟಾರ್! ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಒಟ್ಟು ಒಂಬತ್ತು ಕ್ಲಿಪ್ಪುಗಳ ಪೈಕಿ ಐದು ಕರ್ತವ್ಯನಿರತವಾಗಿದ್ದಾಗಲೇ ಮಡಿದವು.

ಹೊದಿಕೆ ಕೈಗೆ ಬಂತು. ಅದರ ಹಿಂದೆ ಬಾಗಿಲಿನ ಉದ್ದಗಲಕ್ಕೂ ಒಂದು ಬಿಳಿಯ ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಜನರಿಗೆ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವುದೆಂದರೆ ಜೀವ ಹೋದಷ್ಟು ಸಂಕಟ. ಪಕ್ಕದ ಮನೆ ಪಾರ್ವತಮ್ಮನವರ ಸೋಫಾ ಮೂರು ವರ್ಷದಿಂದ ಕವರಿನೊಳಗೇ ಇದೆ. ಬೇಸಿಗೆಯಲ್ಲಿ ಅದರಿಂದ ಏಳಬೇಕೆಂದರೆ ಇನ್ನೊಬ್ಬರು ಕೈ ಹಿಡಿದು ಎಳೆಯಬೇಕು. ಈ ಕಾರಿನ ಹಳೇ ಮಾಲೀಕನೂ ಅಂಥವನೇ! ಬಾಗಿಲ ಒಳಗಿನ ಕವರನ್ನೂ ಹಾಗೇ ಉಳಿಸಿಕೊಂಡಿದ್ದಾನಲ್ಲ ಎಂದು ನಗುತ್ತಾ ಹಿಡಿದು ಹರಿದೆ. ಸುತ್ತಲೂ ಕಪ್ಪು ಗೋಂದು. ಮೊಣಕೈವರೆಗೆ ಮೆತ್ತಿಕೊಂಡಿತು. ಅರ್ಧ ಹರಿಯುವಷ್ಟರಲ್ಲಿ ಸಾಕಾಗಿ, ಉಳಿದರ್ಧವನ್ನು ಅಲ್ಲೇ ಬಿಟ್ಟು, ಇದ್ದ ನಾಲ್ಕು ಕ್ಲಿಪ್ಪು ಮತ್ತು ಆ ಸ್ಕ್ರೂವಿನಲ್ಲಿ ಹೊದಿಕೆಯನ್ನು ಗುದ್ದಿ ಕೂರಿಸಿದೆ. ಗಾಜು? ಅದು ಮೊದಲಿನಂತೆಯೇ ಎರಡು ಬೆರಳು ಕೆಳಗಿತ್ತು.

ಆ ವಾರ ಶಾಲೆಗೆ ರಜೆ. ಕಾರು ಹೊರಗೆ ತೆಗೆದದ್ದು ಶನಿವಾರ, ಅತ್ತೆಯನ್ನು ಕರೆತರಲು.

ನನ್ನ ಅತ್ತೆ ಮಾರಕ್ಕ ಪಾವಗಡದ ಆಚೆ ರಾಯಚರ್ಲಿನಲ್ಲಿ ಭಾವನ ಮನೆಯಲ್ಲಿರುತ್ತಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೋದ ತಿಂಗಳು ನೀರಿನ ತೊಟ್ಟಿಯ ಹತ್ತಿರ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಹೆದರಿಕೆಯಿಂದ ಎರಡು ಸಲ ಆಪರೇಷನ್ ತಪ್ಪಿಸಿಕೊಂಡಿದ್ದರು. ಇನ್ನು ತಡಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದ ಮೇಲೆ, ಸೋಮವಾರ ತುಮಕೂರಿನ ಆಸ್ಪತ್ರೆಗೆ ಬರಲು ಅಂತೂ ಒಪ್ಪಿದ್ದರು. ಅವರನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿದಿತ್ತು.

ಕಾರು ಓಡಿಸುತ್ತಿದ್ದವಳು ನಾನು. ಹೋಗುವಾಗ ರಾಮಾಂಜಿ ಜೋರಾಗಿ ಹಾಡು ಹಾಕಿದ್ದರು. ಬರುವಾಗ ಅತ್ತೆಗೆ ತಲೆನೋವೆಂದು ಹಾಡು ನಿಲ್ಲಿಸಿದರು.

ಮಟಮಟ ಮಧ್ಯಾಹ್ನ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಗುತ್ತಿಗೆಗೆ ಕೊಟ್ಟ ಭಾವನ ಹೊಲವೂ ಅದರೊಳಗೇ ಎಲ್ಲೋ ಇದೆ, ಯಾವ ಫಲಕದ ಕೆಳಗೆಂದು ಈಗ ಅವರಿಗೂ ಗುರುತು ಸಿಗುವುದಿಲ್ಲ. ಒಂದು ಮರವಿಲ್ಲ, ಒಂದು ಆಡಿಲ್ಲ, ಒಂದು ನರಪಿಳ್ಳೆಯಿಲ್ಲ. ಸಾವಿರಾರು ಫಲಕಗಳು ಒಂದೇ ದಿಕ್ಕಿಗೆ ಮುಖ ಎತ್ತಿ ನಿಂತಿದ್ದವು. ಅವು ಏನನ್ನೋ ನೋಡುತ್ತಿವೆ, ನಮಗೆ ಮಾತ್ರ ಅದು ಕಾಣುತ್ತಿಲ್ಲ ಎನಿಸಿ ಮೈ ಜುಮ್ಮೆಂದಿತು. ಆ ಮೌನದಲ್ಲಿ ಶುರುವಾಯಿತು.

ಹೂಂ... ಹ್ಹಾ. ಹೂಂ... ಹ್ಹಾ.

ಅತ್ತೆ ನಿದ್ದೆ ಹೋಗಿರಬೇಕೆಂದುಕೊಂಡೆ.

"ಎವರಮ್ಮಾ ಈವಮ್ಮ?" ಎಂದರು ಅತ್ತೆ. ಗಡಿಯ ಕಡೆಯವರು, ಅವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ.

"ಯಾರು ಅತ್ತೆ?"

"ಅದೇ ಕಣಮ್ಮ, ನನ್ ಪಕ್ಕ ಕೂತವ್ಳಲ್ಲ ಈವಮ್ಮ. ಆಗ್ಲಿಂದ ಏದುಸಿರು ಬುಡ್ತಾವ್ಳೆ. ಬಿಸ್ಲಾಗೆ ನಡ್ಕಂಡ್ ಬಂದಿರ್ಬೇಕು, ಪಾಪ. ಎಲ್ಲಿ ಅತ್ತುಸ್ಕಂಡ್ರಿ?"

ನಾವು ಯಾರನ್ನೂ ಹತ್ತಿಸಿಕೊಂಡಿರಲಿಲ್ಲ.

ಬಾಗಿಲು ತೆರೆದುಕೊಂಡುಬಿಟ್ಟರೆ ಎಂಬ ಭಯಕ್ಕೆ ಅತ್ತೆ ಯಾವಾಗಲೂ ಹಿಂದಿನ ಸೀಟಿನ ನಡುವೆ ಕೂರುತ್ತಾರೆ. ಈಗ ಬಲಕ್ಕೆ ಸರಿದು, ಎಡಗಡೆಯ ಖಾಲಿ ಜಾಗವನ್ನು ಕೈಯಿಂದ ತಟ್ಟಿ, "ಸರ್ಯಾಗಿ ಕೂತ್ಕಳಮ್ಮ, ಜಾಗ ಐತೆ," ಎಂದರು. ರಾಮಾಂಜಿ ನಿಧಾನವಾಗಿ ಕತ್ತು ತಿರುಗಿಸಿ ನೋಡಿದರು. ಅಲ್ಲಿ ಕಡಲೆಕಾಯಿ ಚೀಲವೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಅವರು ತಿರುಗಿ ಮುಂದೆ ನೋಡಿ, ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ನಾನು ಬ್ರೇಕ್ ಹಾಕಿದೆ. ಕಾರು ನಿಧಾನವಾದಂತೆ ಉಸಿರೂ ನಿಧಾನವಾಯಿತು. ನಿಂತಾಗ, ನಿಂತಿತು. ಹೊರಟಾಗ, ಹೊರಟಿತು. ವೇಗ ಹೆಚ್ಚಿಸಿದೆ. ಅದು ನಮ್ಮ ಹಿಂದೆ ಓಡಿಬರುತ್ತಿರುವವರ ಉಸಿರಿನಂತೆ ಜೋರಾಯಿತು.

"ನಿಜ ಏಳಮ್ಮ, ಯಾರೂ ಇಲ್ವಾ?" ಎಂದರು ಅತ್ತೆ. "ಬಿಸಿ ಉಸ್ರು ನನ್ ಕೈಗೆ ತಾಕ್ತೈತೆ."

ರಾಮಾಂಜಿ ಮತ್ತೆ ಹಾಡು ಹಾಕಿದರು. ಅತ್ತೆಗೆ ಅದೇ ಉತ್ತರವಾಯಿತು. ನಮಗೆ ಮಧುಗಿರಿ ಬೆಟ್ಟ ಕಾಣಿಸುವ ಹೊತ್ತಿಗೆ ಅವರು ತೀರ್ಮಾನಿಸಿಬಿಟ್ಟಿದ್ದರು. "ಆಪರೇಷನ್ ವದ್ದಮ್ಮಾ. ಈಗ ಬರೀ ಕೇಳುಸ್ತೈತೆ. ಕಣ್ಣು ಬಂದ್ರೆ ಕಾಣುಸ್ತದೆ. ನಂಗೆ ಬ್ಯಾಡ."

ಒಂದು ವರ್ಷದ ಶ್ರಮ ಒಂದು ಗಂಟೆಯಲ್ಲಿ ನೀರುಪಾಲು! ರಾತ್ರಿ ಊಟಕ್ಕೆ ಕೂತಾಗ ಅತ್ತೆ ತಟ್ಟೆಯನ್ನು ತಡಕಿ, ಮುದ್ದೆಯ ಬದಲು ಬಿಸಿ ಸಾರಿಗೆ ಬೆರಳು ಅದ್ದಿದರು. ಉಫ್ ಎನ್ನಲೂ ಇಲ್ಲ, ನನಗೆ ಗೊತ್ತಾಗಬಾರದೆಂದು ಸೆರಗಿನಲ್ಲಿ ಬೆರಳು ಒರೆಸಿಕೊಂಡರು. ನನಗೆ ತುಂಬಾ ಸಂಕಟವಾಯಿತು. ದೆವ್ವ ಇಲ್ಲ ಎಂದು ವರ್ಷಕ್ಕೊಮ್ಮೆ ಮಕ್ಕಳಿಗೆ ಭಾಷಣ ಮಾಡುವವಳು ನಾನು. ನಮ್ಮ ನಡುಮನೆಯಲ್ಲಿರುವುದು ಬುದ್ಧನ ಪಟ. ಅಂಥ ಮನೆಯಲ್ಲಿ ಒಂದು ದೆವ್ವದ ದೆಸೆಯಿಂದ ಮುದುಕಿಯ ಕಣ್ಣು ಹೋಗುವುದೆಂದರೇನು? ಅತ್ತೆಯ ಎದುರಿಗೇ ಬಾಗಿಲು ಬಿಚ್ಚಿ ತೋರಿಸುತ್ತೇನೆಂದು ತೀರ್ಮಾನಿಸಿದೆ.

ಭಾನುವಾರ ಮಧ್ಯಾಹ್ನ ಗಾಳಿ ಎದ್ದಿತು. ಅಂಗಳದಲ್ಲಿ ನಿಂತ ಕಾರು, ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ ಉಸಿರಾಡತೊಡಗಿತು. ಒಂದು ಸಲ ಎಳೆದುಕೊಳ್ಳುವುದು. ತಡೆಯುವುದು. ಬಿಡುವುದು. ತಡೆಯುವುದಿದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಒಳಗಿರುವುದು ಕಿವಿಗೊಟ್ಟು ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿದೆ ಅನಿಸುತ್ತಿತ್ತು.

ಪಾರ್ವತಮ್ಮನವರು ವಿಭೂತಿ ತಂದು ಬಾಗಿಲಿಗೆ ಮೂರು ಪಟ್ಟೆ ಎಳೆದರು. "ನಿಮ್ ನಂಬ್ಕೆ ನಿಮ್ಗೆ ಮೇಡಂ. ಆದ್ರೆ ಉಸ್ರು ನಮ್ ಅಡ್ಗೆಮನೆ ತಂಕ ಕೇಳ್ತೈತೆ," ಎಂದು ಹೇಳಿ, ತಮ್ಮ ಮನೆಯೊಳಗೆ ಹೋಗಿ ಅಗುಳಿ ಹಾಕಿಕೊಂಡರು. ನಾನು ವಿಭೂತಿ ಒರೆಸಲಿಲ್ಲ. ಬೂದಿಯಿಂದ ಕಾರಿನ ಬಣ್ಣಕ್ಕೇನೂ ಹಾನಿಯಿಲ್ಲ ಎಂದು ನನಗೆ ನಾನೇ ವೈಜ್ಞಾನಿಕವಾಗಿ ವಿವರಿಸಿಕೊಂಡೆ.

ಅತ್ತೆಯನ್ನು ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆ. "ಅತ್ತೆ, ಒಳಗೆ ಏನೂ ಇಲ್ಲ ಅಂತ ಗೊತ್ತಾದ್ರೆ ನಾಳೆ ಆಸ್ಪತ್ರೆಗೆ ಬರ್ತೀರಾ?"

"ಏನಾನ ಇದ್ರೆ?"

"ಇದ್ರೆ ನಾನಿಲ್ವಾ? ನೀವು ಹೆದರಬೇಡಿ, ನಾನು ನಿಮ್ಮನ್ನ ಬಿಟ್ಟು ಹೋಗಲ್ಲ."

ರಾಮಾಂಜಿ ಸ್ಕ್ರೂ ಹಾಕಿಕೊಳ್ಳಲು ಸ್ಟೀಲ್ ತಟ್ಟೆ ಹಿಡಿದು ನಿಂತರು. ಈ ಸಲ ನಾನು ಹಿಡಿಕೆಯ ಹಿಂದಿನ ಸ್ಕ್ರೂ ಮರೆಯಲಿಲ್ಲ. ಕ್ಲಿಪ್ಪುಗಳನ್ನು ಒಂದೊಂದಾಗಿ ನಯವಾಗಿ ಎಬ್ಬಿಸಿದೆ. ಟಪ್. ಟಪ್. ಟಪ್. ಒಂದೂ ಮುರಿಯಲಿಲ್ಲ! ಕೊನೆಯದನ್ನು ಎಬ್ಬಿಸಿದಾಗ ಬಾಗಿಲಿನ ಉಸಿರು ನಿಂತುಹೋಯಿತು. ಹೊದಿಕೆಯನ್ನು ಮೇಲಕ್ಕೆತ್ತಿ ತೆಗೆದು, ಒಳಗಿನ ಕತ್ತಲೆಗೆ ಮುಖ ಹತ್ತಿರ ಒಯ್ದೆ.

ಹ್ಹಾ!

ಬಿಳಿಯದೊಂದು ಒಳಗಿನಿಂದ ತೋಳಿನಷ್ಟುದ್ದ ಈಚೆಗೆ ಬಂದು ನನ್ನ ಕೆನ್ನೆ ಸವರಿತು. ಸವರಿ ಬಿಡಲಿಲ್ಲ. ಹಿಡಿದುಕೊಂಡಿತು!

ನಾನು ಕಿರುಚಿದ್ದು ಬೆಟ್ಟದ ತುದಿಯವರೆಗೆ ಕೇಳಿರಬೇಕು. ಅದರಿಂದ ಕೆನ್ನೆ ಬಿಡಿಸಿಕೊಂಡು, ಅಲ್ಲಿಂದ ಓಡಿ, ಹೊಸ್ತಿಲು ಹಾರಿ, ಬಾಗಿಲು ಹಾಕಿ, ಚಿಲಕ ಜಡಿದೆ. ರಾಮಾಂಜಿ ನನಗಿಂತ ಮೊದಲೇ ಒಳಗಿದ್ದರು. ಗೋಡೆಯ ಮೇಲೆ ಬುದ್ಧ ಅರೆಗಣ್ಣು ಮುಚ್ಚಿ, ಇದನ್ನೆಲ್ಲ ನೋಡಲೇ ಇಲ್ಲವೆಂಬಂತೆ ಕುಳಿತಿದ್ದ. ಎರಡು ಸಲ ಉಸಿರು ತೆಗೆದುಕೊಂಡ ಮೇಲೆ ನೆನಪಾಯಿತು.

"ರೀ... ಅತ್ತೆ ಎಲ್ಲಿ?"

ಕಿಟಕಿಯಿಂದ ನೋಡಿದೆವು. ಕುರ್ಚಿ ಖಾಲಿ. ಅತ್ತೆ ಗಾಳಿಯಲ್ಲಿ ಕೈಯಾಡಿಸುತ್ತಾ ಕಾರಿನ ಹತ್ತಿರ ಹೋಗಿದ್ದರು. ಎರಡೂ ಕೈಗಳನ್ನು ಮೊಣಕೈವರೆಗೆ ಆ ಬಾಗಿಲೊಳಗೆ ಹಾಕಿ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಬುಡು! ನನ್ ಸೊಸೇನ ಬುಡು!" ಎಂದು ಬೈಯುತ್ತಿದ್ದರು. ಆಮೇಲೆ ಬೈಗುಳ ನಿಂತಿತು. ಬೆರಳುಗಳು ಮೆಲ್ಲಗೆ ತಡವಿದವು, ಹಿಸುಕಿದವು.

"ಸುಜಾತಮ್ಮಾ! ಎಲ್ಲಿದ್ದೀಯ? ಇದು ಗೊಬ್ಬರದ ಚೀಲದೊಳಗೆ ಇರ್ತದಲ್ಲ, ಅಂಥದ್ದೇ ಕವರು ಕಣಮ್ಮ. ಯಾವನೋ ಅರ್ಧ ಹರ್ದು ಬುಟ್ಟವ್ನೆ."

ನಾನು ಚಿಲಕ ತೆಗೆದು ಹೊರಗೆ ಬಂದೆ. ಕೆನ್ನೆಯ ಮೇಲಿನ ಕಪ್ಪು ಗೋಂದಿಗೆ ಕೂದಲು ಅಂಟಿಕೊಂಡಿತ್ತು. ಅತ್ತೆ ನನ್ನ ಮುಖ, ಭುಜ, ಕೈ ಎಲ್ಲವನ್ನೂ ತಡಕಿ ನೋಡಿದರು. "ಕೂಗ್ಕಂಡ್ಯಲ್ಲ, ಅದು ನಿನ್ನ ಒಳೀಕೆ ಎಳ್ಕಂಬುಡ್ತು ಅಂದ್ಕಂಡೆ. ಬಿಡುಸ್ಕಳಾಕೆ ಬಂದೆ."

ಕಣ್ಣು ಕಾಣದ ಮುದುಕಿ ದೆವ್ವದ ಜೊತೆ ಕುಸ್ತಿಗೆ ನಿಂತಿದ್ದರು. ಕಣ್ಣಿದ್ದ ವಿಜ್ಞಾನ ಶಿಕ್ಷಕಿ ಒಳಗೆ ಚಿಲಕ ಹಾಕಿಕೊಂಡಿದ್ದಳು! ನನಗೆ ಅಳುವೇ ಬಂತು. ಎಲ್ಲಿಗೆ ಹೋಗಿದ್ದೆ, ಎಲ್ಲಿಂದ ಈಚೆ ಬಂದೆ ಎಂದು ಅತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ರಾಮಾಂಜಿ ಫೋನ್ ಮಾಡಿದ್ದಕ್ಕೆ ಸಂಜೆ ಭಾಯ್ ಹೊಸ ಹಾಳೆ, ಒಂಬತ್ತು ಕ್ಲಿಪ್ಪು ಹಿಡಿದು ಬಂದ. ಬಾಗಿಲು ನೋಡಿ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಯಾರು ಮೇಡಂ ಇದು ಕಿತ್ತಿದ್ದು? ಗಾಳಿ, ನೀರು ಒಳಗೆ ಬರಬಾರ್ದು ಅಂತ ಕಂಪ್ನಿಯವರೇ ಹಾಕಿರೋ ಕವರು ಇದು. ಅರ್ಧ ಹರಿದ್ರೆ ಆ ಗಾಜಿನ ಸಂದಿಯಿಂದ ಗಾಳಿ ನುಗ್ಗಿ ಹಿಂಗೇ ಬಡ್ಕೊಳುತ್ತೆ."

ನಾನು ಬೆಟ್ಟದ ಕಡೆ ನೋಡಿದೆ.

"ಯಾವನೋ ಕೆಲ್ಸ ಬರ್ದೋನು," ಎಂದರು ಅತ್ತೆ.

"ಪೂರಾ ಬರ್ದೋನು, ಅಮ್ಮಾ! ತಲೇಲಿ ಏನೂ ಇಲ್ದೋನು!" ಎಂದ ಭಾಯ್.

"ಎಂಥೆಂಥ ಜನ ಇರ್ತಾರೆ ನೋಡಿ," ಎಂದೆ ನಾನು. ರಾಮಾಂಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಸೋಮವಾರ ಕೊರಟಗೆರೆ ದಾಟಿ ತುಮಕೂರು ಮುಟ್ಟುವ ತನಕ ಕಾರು ಒಂದು ಉಸಿರೂ ಬಿಡಲಿಲ್ಲ. ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮಂಗಳವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ತೆ ಡಾಕ್ಟರ ಬೆರಳು ಎಣಿಸಿದರು. ಗೋಡೆಯ ಗಡಿಯಾರ ನೋಡಿದರು. ಮಗನನ್ನು ನೋಡಿ, "ಏನ್ಲಾ, ಕೂದ್ಲೆಲ್ಲ ಹೋಗ್ಬುಟ್ಟೈತೆ!" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ತುಂಬಾ ಹೊತ್ತು ನನ್ನ ಮುಖವನ್ನೇ ನೋಡಿದರು. ನನ್ನ ಕಣ್ಣು ತುಂಬಿ ಬಂತು.

"ಸುಜಾತಮ್ಮ."

"ಏನತ್ತೆ?"

"ಆ ಕವರು ಹರ್ದೋಳು ನೀನೇ ಅಲ್ವಾ?"

ನಾನು ಗೋಡೆಯ ಗಡಿಯಾರದ ಕಡೆ ನೋಡಿದೆ.

"ಇಷ್ಟ್ ದಿನ ಬರೀ ನಿನ್ ಮಾತು ಕೇಳ್ಕಂಡು ನಂಬ್ತಿದ್ದೆ," ಎಂದರು ಅತ್ತೆ, ನನ್ನ ಗಲ್ಲ ಹಿಡಿದು. "ಮುಖ ನೋಡಿದ್ರೆ ಎಲ್ಲಾ ಗೊತ್ತಾಗ್ತದೆ ಕಣಮ್ಮ!"

ಡಾಕ್ಟರು ಬಹಳ ಸಂತೋಷದಿಂದ, ಎಡಗಣ್ಣಿನದನ್ನು ಮುಂದಿನ ತಿಂಗಳೇ ಮಾಡಿಬಿಡೋಣ ಎಂದರು. ಅತ್ತೆ ಆ ಕ್ಷಣವೇ ಒಪ್ಪಿದರು. ಅದನ್ನು ಸ್ವಲ್ಪ ಮುಂದೂಡಲು ಸಾಧ್ಯವೇ ಎಂದು ಈ ಸಲ ಕೇಳಿದವಳು ನಾನು!